ದೀಕ್ಷಾಸ್ನಾನ ಮತ್ತು ಸಭಾಪಾಲನೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಒಂದು ಅವಲೋಕನ

ಕ್ರೈಸ್ತ ಸಂಸ್ಕಾರಗಳಲ್ಲಿ ದೀಕ್ಷಾಸ್ನಾನವು ಮೊದಲನೆಯದು. ಉಳಿದೆಲ್ಲ ಸಂಸ್ಕಾರಗಳಿಗೂ ಅದೇ ಹೆಬ್ಬಾಗಿಲು. ನೀರು, ತ್ರಿಯೇಕ ದೇವರ ನಾಮೋಚ್ಚಾರ, ಸಮುದಾಯದ ಸಾಕ್ಷಿ ಇವಿಷ್ಟರಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ವಿಧಿಯನ್ನು ದೇವಶಾಸ್ತ್ರದ ನೆಲೆಯಿಂದ ವಿವರಿಸುವುದು ವಾಡಿಕೆ. ವಿಧಿ ಮುಗಿದ ಮೇಲೆ ಏನಾಗುತ್ತದೆ ಎಂಬುದು ಸಭಾಪಾಲನೆಗೆ ಸೇರಿದ ಪ್ರಶ್ನೆ. ಒಂದು ಸಭೆಯ ಗುರುವಾಗಲಿ ಪಾಲಕನಾಗಲಿ ತನಗೆ ಒಪ್ಪಿಸಲ್ಪಟ್ಟ ಜನರ ಹುಟ್ಟು, ಬೆಳವಣಿಗೆ, ಮದುವೆ, ಕಾಯಿಲೆ, ಸಾವುಗಳಲ್ಲಿ ಅವರೊಂದಿಗೆ ನಿಲ್ಲುವ ಹೊಣೆಯನ್ನು ಸಭಾಪಾಲನೆ ಎನ್ನುವುದಾದರೆ, ಆ ಹೊಣೆ ಆರಂಭವಾಗುವುದು ದೀಕ್ಷಾಸ್ನಾನದ ಗಳಿಗೆಯಿಂದ. ಆ ಹೊಣೆ ಯಾರದು, ಎಷ್ಟು ಕಾಲದ್ದು ಎಂಬುದಕ್ಕೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಸಭೆಗಳು ಒಂದೇ ಬಗೆಯ ಉತ್ತರವನ್ನು ನೀಡಿಲ್ಲ. ಈ ಉತ್ತರಗಳ ನಡುವಣ ಅಂತರವು ಅವು ಬಳಸುವ ಪದಗಳಲ್ಲಿಯೇ ಅಡಗಿರುವುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಮೂರು ತಾಲೂಕುಗಳು ಅಧ್ಯಯನಕ್ಕೆ ಅನುಕೂಲವಾದ ಕ್ಷೇತ್ರವಾಗಿರುವುದಕ್ಕೆ ಕಾರಣವಿದೆ. ಬಂಟ್ವಾಳದ ಅಗ್ರಾರ್, ಮೊಡಂಕಾಪು, ಲೊರೆಟ್ಟೊ, ಬೆಳ್ತಂಗಡಿಯ ಮಡಂತ್ಯಾರು, ಉಜಿರೆ, ಮೂಡುಬಿದಿರೆಯ ಕೊರ್ಪುಸ್ ಕ್ರಿಸ್ತಿ, ಅಲಂಗಾರು ಮೊದಲಾದ ಇಗರ್ಜಿಗಳು 1887ರಲ್ಲಿ ಸ್ಥಾಪಿತವಾದ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. ಇವು ಲ್ಯಾಟಿನ್ ವಿಧಿಯವು. ಭಕ್ತರ ಮನೆಮಾತು ಕೊಂಕಣಿ. ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಸೀರೋ-ಮಲಬಾರ್ ಕೃಷಿಕ ಕುಟುಂಬಗಳಿಗಾಗಿ 1999ರಲ್ಲಿ ಬೆಳ್ತಂಗಡಿಯನ್ನೇ ಕೇಂದ್ರವಾಗಿಸಿಕೊಂಡ ಇನ್ನೊಂದು ಧರ್ಮಪ್ರಾಂತ ರಚಿತವಾಯಿತು. ಇವರ ಮನೆಮಾತು ಮಲಯಾಳ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯೊಳಗೆ ಮುಂದುವರಿದಿದೆ. ಅಲ್ಲಿಯ ಆರಾಧನೆ ಕನ್ನಡದಲ್ಲಿ, ತುಳುವಿನ ಬಳಕೆಯೂ ಇದೆ. ಮನೆಯಲ್ಲಿ ಕೊಂಕಣಿ, ಮಲಯಾಳ, ತುಳುಗಳನ್ನಾಡುವ ಈ ಮೂರೂ ಸಮುದಾಯಗಳಲ್ಲಿ ಕನ್ನಡವು ಶಾಲೆ, ಕಚೇರಿ, ಪ್ರಮಾಣಪತ್ರಗಳ ಭಾಷೆಯಾಗಿ ಪ್ರವೇಶಿಸುತ್ತದೆ ಎಂಬುದು ಕನ್ನಡದ ಅಧ್ಯಯನಕಾರರು ಗಮನಿಸಬೇಕಾದ ಸಂಗತಿ.

ಪದಗಳ ನೆಲೆ

ಗ್ರೀಕ್ ಮೂಲದ ಪದಕ್ಕೆ ಮುಳುಗಿಸು, ಅದ್ದು ಎಂಬ ಅರ್ಥ. ಕೊಂಕಣಿ ಕೆಥೊಲಿಕರ ಬಾಪ್ತಿಜ್ಮ್ ಪೋರ್ಚುಗೀಸರ ಮೂಲಕ ಬಂದದ್ದು. ಸೀರೋ-ಮಲಬಾರ್ ಕುಟುಂಬಗಳ ಮಾಮೋದೀಸ ಸಿರಿಯಾಕ್‌ನಿಂದ ಬಂದದ್ದು. ಎರಡೂ ಪದಗಳು ಆಯಾ ಸಮುದಾಯದ ಹೊರಗೆ ಬೇರಾವ ಅರ್ಥವನ್ನೂ ಹೊರುವುದಿಲ್ಲ. ಅವು ಆ ವಿಧಿಗೇ ಮೀಸಲಾದ ಹೆಸರುಗಳು. ಕನ್ನಡದ ಸ್ಥಿತಿ ಬೇರೆ. 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದಂದಿನಿಂದ ಇಲ್ಲಿಯವರೆಗಿನ ಅನುವಾದ ಪರಂಪರೆಯಲ್ಲಿ ಬಾಪ್ತಿಸ್ಮ, ಸ್ನಾನದೀಕ್ಷೆ, ದೀಕ್ಷಾಸ್ನಾನ ಎಂಬ ರೂಪಗಳು ಬಳಕೆಗೆ ಬಂದಿವೆ. ಯೋಹಾನನಿಗೆ ಸ್ನಾನಿಕ ಎಂಬ ವಿಶೇಷಣವೂ ಹುಟ್ಟಿದೆ. ದೇಶ್ಯ ಸಾಧ್ಯತೆಗಳನ್ನು ಬಿಟ್ಟು ಅನುವಾದಕರು ಸಂಸ್ಕೃತದ ಎರಡು ಪದಗಳನ್ನು ಜೋಡಿಸಿಕೊಂಡಾಗ, ಆ ಪದಗಳು ತಮ್ಮ ಹಿಂದಿನ ಸಂಬಂಧಗಳನ್ನು ಕಳಚಿಟ್ಟು ಬರಲಿಲ್ಲ.

ಸ್ನಾನವು ನಿತ್ಯದ್ದು, ಮತ್ತೆ ಮತ್ತೆ ಮಾಡುವಂಥದ್ದು, ಮೈಲಿಗೆಯನ್ನು ಕಳೆಯುವಂಥದ್ದು. ತುಳುನಾಡಿನಲ್ಲಿ ಹೆರಿಗೆಯ ಮೈಲಿಗೆಗೆ ಅಮೆ ಎಂಬ ಪ್ರತ್ಯೇಕ ಹೆಸರೇ ಇದ್ದು, ಅದನ್ನು ಕಳೆಯುವ ನೀರಿನ ವಿಧಿಗಳು ಎಲ್ಲ ಸಮುದಾಯಗಳಲ್ಲೂ ಉಂಟು. ಕ್ರೈಸ್ತ ವಿಧಿಯಾದರೋ ಒಬ್ಬನ ಬದುಕಿನಲ್ಲಿ ಒಮ್ಮೆ ಮಾತ್ರ ನಡೆಯತಕ್ಕದ್ದು, ಪುನರಾವರ್ತನೆಗೆ ಅವಕಾಶವಿಲ್ಲದ್ದು. ಸ್ನಾನ ಎಂಬ ಪದವೊಂದರಿಂದ ಈ ಅರ್ಥ ಬಾರದು. ದೀಕ್ಷೆ ಎಂಬುದು ಸೇರಿದಾಗ ಮಾತ್ರ ಆ ಒಮ್ಮೆತನ ಬರುತ್ತದೆ. ಆದರೆ ದೀಕ್ಷೆಯೂ ತನ್ನ ಹೊರೆಯನ್ನು ಹೊತ್ತೇ ಬಂದಿದೆ. 1430ರ ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯಲ್ಲಿ ದೀಕ್ಷೆ ಎಂದರೆ ಮೊದಲು ನೆನಪಾಗುವುದು ಮನೆಮಾರು ತೊರೆದು ಹೊರಡುವ ಜೈನ ಯತಿ. ಅದೇ ಪೇಟೆಯ ಇಗರ್ಜಿಯಲ್ಲಿ ದೀಕ್ಷಾಸ್ನಾನವೆಂದರೆ ತೊಟ್ಟಿಲ ಮಗು ಒಂದು ದೊಡ್ಡ ಮನೆಯೊಳಗೆ ಸೇರ್ಪಡೆಯಾಗುವ ವಿಧಿ. ಒಂದು ನಿರ್ಗಮನ, ಇನ್ನೊಂದು ಪ್ರವೇಶ. ಹೋಲಿಕೆಗೆ ವೀರಶೈವ ಸಂಪ್ರದಾಯ ಹೆಚ್ಚು ಹತ್ತಿರದ್ದು: ಶಿಶುವಿಗೆ ಲಿಂಗಧಾರಣೆ ಮಾಡಿ, ಮುಂದೆ ತಿಳಿವಳಿಕೆ ಬಂದ ಮೇಲೆ ದೀಕ್ಷೆ ಕೊಡುವ ಎರಡು ಹಂತದ ಕ್ರಮವು, ಲ್ಯಾಟಿನ್ ವಿಧಿಯಲ್ಲಿ ಶಿಶುವಿಗೆ ದೀಕ್ಷಾಸ್ನಾನವನ್ನೂ ವರ್ಷಗಳ ಬಳಿಕ ದೃಢೀಕರಣವನ್ನೂ ನೀಡುವ ಕ್ರಮವನ್ನು ಹೋಲುತ್ತದೆ. ಹುಟ್ಟಿನಿಂದ ಬರುವ ಸದಸ್ಯತ್ವ ಮತ್ತು ಅರಿವಿನಿಂದ ಬರುವ ಸದಸ್ಯತ್ವಗಳ ನಡುವಣ ಎಳೆದಾಟ ಕ್ರೈಸ್ತರೊಬ್ಬರದೇ ಅಲ್ಲ.

ಸ್ನಾನವೆಂಬ ಅರ್ಥಕ್ಕೆ ಒತ್ತು ಬಿದ್ದಲ್ಲಿ ಪಾಲನೆಯ ಆತಂಕ ಒಂದು ಬಗೆಯದು, ದೀಕ್ಷೆಯೆಂಬ ಅರ್ಥಕ್ಕೆ ಒತ್ತು ಬಿದ್ದಲ್ಲಿ ಇನ್ನೊಂದು ಬಗೆಯದು.

ನೀರಿನ ಅವಸರ

ಮೂಲಪಾಪದಿಂದ ಶುದ್ಧಿ ಎಂಬ ಅರ್ಥಕ್ಕೆ ಒತ್ತು ಬಿದ್ದ ಕಾಲದಲ್ಲಿ ಅವಸರವೇ ಪಾಲನೆಯ ಮುಖ್ಯ ಲಕ್ಷಣವಾಗಿತ್ತು. 1917ರ ಕೆಥೊಲಿಕ ಧರ್ಮಸಂಹಿತೆಯು ಶಿಶುಗಳಿಗೆ ಆದಷ್ಟು ಬೇಗ ದೀಕ್ಷಾಸ್ನಾನ ಕೊಡಿಸಬೇಕೆಂದು ವಿಧಿಸಿತ್ತು. ಅಪಾಯದ ಸಂದರ್ಭದಲ್ಲಿ ಗುರುವೇ ಬೇಕೆಂದಿಲ್ಲ. ಸರಿಯಾದ ಉದ್ದೇಶವುಳ್ಳ ಯಾರು ಬೇಕಾದರೂ ನೀರೆರೆದು ವಾಕ್ಯವನ್ನು ಉಚ್ಚರಿಸಬಹುದು. ಈ ಕ್ರಮವನ್ನು ಭಕ್ತರಿಗೆ, ಅದರಲ್ಲೂ ಸೂಲಗಿತ್ತಿಯರಿಗೆ ಮತ್ತು ವೈದ್ಯರಿಗೆ, ಕಲಿಸುವುದು ಗುರುವಿನ ಕರ್ತವ್ಯವೆಂದು ಆ ಸಂಹಿತೆ ಹೇಳಿತ್ತು. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿದರೆ ದಾರಿಯೇ ಇಲ್ಲವಾಗುತ್ತಿದ್ದ ಸೀಮೆಯಲ್ಲಿ ಈ ನಿಯಮದ ಮಹತ್ವವನ್ನು ಊಹಿಸುವುದು ಕಷ್ಟವಲ್ಲ. ಸಂಸ್ಕಾರವೊಂದನ್ನು ನೆರವೇರಿಸುವ ಅಧಿಕಾರ, ಗುರುಪಟ್ಟಕ್ಕೆ ಎಂದೂ ಏರಲಾರದ ಹೆಂಗಸೊಬ್ಬಳ ಕೈಗೆ ಹೆರಿಗೆಯ ಕೋಣೆಯಲ್ಲಿ ಬರುತ್ತಿತ್ತು. ಪಾಲನೆಯ ಇತಿಹಾಸವನ್ನು ಗುರುಗಳ ಇತಿಹಾಸವನ್ನಾಗಿ ಮಾತ್ರ ಬರೆಯುವವರು ಈ ಸೂಲಗಿತ್ತಿಯರನ್ನು ಮರೆತಿದ್ದಾರೆ.

ಗುರುಗಳೇ ಇಲ್ಲದ ಕಾಲವನ್ನೂ ಈ ಸಮುದಾಯ ಕಂಡಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು, ಇಗರ್ಜಿಗಳು ನೆಲಸಮವಾದವು; ಬದುಕುಳಿದವರು ಮರಳಿದ್ದು 1799ರ ತರುವಾಯ. ಆ ಹದಿನೈದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಪಾಲಿಗೆ ಮೇಲೆ ಹೇಳಿದ ವಿನಾಯಿತಿಯೊಂದೇ ಧರ್ಮಸಮ್ಮತವಾದ ದಾರಿಯಾಗಿತ್ತು.

ಈ ಅವಸರದ ಇನ್ನೊಂದು ಮುಖ ಕಠೋರವಾದದ್ದು. ದೀಕ್ಷಾಸ್ನಾನವಾಗದೆ ಮಗು ತೀರಿಕೊಂಡರೆ ಹಳೆಯ ಸಂಹಿತೆಯಂತೆ ಅದಕ್ಕೆ ಧರ್ಮವಿಧಿಯ ಅಂತ್ಯಕ್ರಿಯೆ ಇರಲಿಲ್ಲ. ಅಂಥ ಶಿಶುಗಳ ಆತ್ಮವು ಸ್ವರ್ಗವೂ ನರಕವೂ ಅಲ್ಲದ ನಡುನೆಲೆಯಲ್ಲಿ ಉಳಿಯುತ್ತದೆಂಬ ಕಲ್ಪನೆ ಶತಮಾನಗಳ ಕಾಲ ಬೋಧನೆಯಲ್ಲಿತ್ತು. ಹೆತ್ತವಳ ದುಃಖಕ್ಕೆ ಸಭೆಯು ಸಾಂತ್ವನವನ್ನು ನೀಡಬೇಕಾದ ಗಳಿಗೆಯಲ್ಲಿಯೇ ಮಗುವನ್ನು ಗಡಿಯಾಚೆ ನಿಲ್ಲಿಸುವ ಈ ನಿಯಮವು ಪಾಲನೆಯ ದೃಷ್ಟಿಯಿಂದ ದೊಡ್ಡ ಸೋಲೇ ಸರಿ. 1983ರ ಸಂಹಿತೆಯು, ಹೆತ್ತವರಿಗೆ ದೀಕ್ಷಾಸ್ನಾನ ಕೊಡಿಸುವ ಮನಸ್ಸಿತ್ತಾದರೆ ಅಂಥ ಮಗುವಿನ ಅಂತ್ಯಕ್ರಿಯೆಗೆ ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದು ತಿದ್ದಿತು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು, ದೀಕ್ಷಾಸ್ನಾನವಿಲ್ಲದೆ ತೀರಿದ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂಬ ಅಭಿಪ್ರಾಯವನ್ನು ಪ್ರಕಟಿಸಿತು. ತಿದ್ದುಪಡಿ ಗ್ರಂಥದಲ್ಲಿ ಬಂದಷ್ಟು ಬೇಗ ಮನೆಯ ಹಿರಿಯರ ಮನಸ್ಸಿನಲ್ಲಿ ಬರುವುದಿಲ್ಲ. ಆದ್ದರಿಂದ ಹಸುಗೂಸನ್ನು ಕಳೆದುಕೊಂಡ ಮನೆಗೆ ಹೋಗುವ ಇಂದಿನ ಗುರುವಿಗೆ ಹಳೆಯ ಬೋಧನೆಯನ್ನು ಬಿಡಿಸುವ ಕೆಲಸವೂ ಸಾಂತ್ವನದ ಭಾಗವೇ ಆಗುತ್ತದೆ.

ಅವಸರವು ತಾಯಿಯನ್ನೂ ಹೊರಗಿಟ್ಟಿತು. ಹುಟ್ಟಿದ ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ನಡೆಯಬೇಕೆಂದಾಗ ಬಾಣಂತಿ ಇಗರ್ಜಿಗೆ ಬರುವಂತಿಲ್ಲ. ಮಗುವನ್ನು ಎತ್ತಿ ಹಿಡಿದು ಅದರ ಪರವಾಗಿ ಉತ್ತರಿಸುತ್ತಿದ್ದವರು ಜ್ಞಾನತಂದೆ, ಜ್ಞಾನತಾಯಿಯರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಹೊರಬಂದ ಶಿಶು ದೀಕ್ಷಾಸ್ನಾನದ ಹೊಸ ವಿಧಿಗ್ರಂಥವು ಹೆತ್ತವರಿಗೆ ಮೊದಲ ಸ್ಥಾನ ಕೊಟ್ಟಿತು. 1983ರ ಸಂಹಿತೆಯು ಆದಷ್ಟು ಬೇಗ ಎಂಬುದರ ಬದಲಿಗೆ ಮೊದಲ ವಾರಗಳಲ್ಲಿ ಎಂದಿತು, ಹೆತ್ತವರಿಗೆ ಪೂರ್ವಸಿದ್ಧತೆ ಬೇಕೆಂದಿತು. ಈ ಸಡಿಲಿಕೆಯನ್ನು ಇಲ್ಲಿನ ಬದುಕು ಇನ್ನಷ್ಟು ಹಿಗ್ಗಿಸಿಕೊಂಡಿದೆ: ಕೊಲ್ಲಿ ದೇಶಗಳಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುವ ಕುಟುಂಬಗಳು ಊರಿಗೆ ಬರುವ ರಜೆಗೆ ಹೊಂದಿಸಿ ದೀಕ್ಷಾಸ್ನಾನವನ್ನು ಇಟ್ಟುಕೊಳ್ಳುವುದುಂಟು.

ಹೊಣೆ ಹೊತ್ತವರು ಮತ್ತು ಹೆಸರು

ಜ್ಞಾನತಂದೆ, ಜ್ಞಾನತಾಯಿಯರ ಪಾತ್ರವನ್ನು ಮಲಯಾಳದ ತಲತೊಟ್ಟಪ್ಪನ್, ತಲತೊಟ್ಟಮ್ಮ ಎಂಬ ಪದಗಳು ಚೆನ್ನಾಗಿ ಹಿಡಿದಿಡುತ್ತವೆ. ತಲೆ ಮುಟ್ಟಿದ ಅಪ್ಪ, ತಲೆ ಮುಟ್ಟಿದ ಅಮ್ಮ ಎಂದು ಅರ್ಥ. ಸಂಬಂಧವನ್ನು ಜ್ಞಾನದಿಂದಲ್ಲ, ಸ್ಪರ್ಶದಿಂದ ಗುರುತಿಸುವ ಪದವಿದು. ಸಂಹಿತೆಯ ಪ್ರಕಾರ ಈ ಹೊಣೆ ಹೊರುವವರು 16 ವರ್ಷ ತುಂಬಿದ, ದೃಢೀಕರಣ ಪಡೆದ ಕೆಥೊಲಿಕರಾಗಿರಬೇಕು. ಹೆತ್ತ ತಂದೆತಾಯಿ ಆಗಿರಬಾರದು. ಅಂದರೆ ಮಗುವಿನ ಪಾಲನೆಯು ಒಂದು ಮನೆಯೊಳಗೆ ಮುಚ್ಚಿಕೊಳ್ಳದಂತೆ ನಿಯಮವೇ ನೋಡಿಕೊಂಡಿದೆ. ವ್ಯವಹಾರದಲ್ಲಿ ಆಯ್ಕೆ ಹೆಚ್ಚಾಗಿ ಬಂಧುವರ್ಗದೊಳಗೇ ಸುತ್ತುತ್ತದೆ, ಉಡುಗೊರೆಯ ಸಂಬಂಧವಾಗಿ ತೆಳುವಾಗುವುದೂ ಇದೆ. ಇಗರ್ಜಿಯ ವಾರ್ಡುಗಳಲ್ಲಿ ಮನೆಮನೆಯ ಸಂಪರ್ಕವನ್ನು ಇಟ್ಟುಕೊಳ್ಳುವ ಗುರಿಕಾರರು ಕೆಲವೊಮ್ಮೆ ಈ ಕೊರತೆಯನ್ನು ತುಂಬುತ್ತಾರೆ.

ಹೆಸರಿನ ವಿಚಾರವನ್ನು ಇಲ್ಲಿಯೇ ಹೇಳಬೇಕು. ಹಳೆಯ ಸಂಹಿತೆಯು ಕ್ರೈಸ್ತ ಹೆಸರನ್ನು ಬಯಸಿತ್ತು. 1983ರದು ಕ್ರೈಸ್ತ ಭಾವನೆಗೆ ಹೊರತಾಗದಿದ್ದರೆ ಸಾಕೆಂದಿತು. ಸೀರೋ-ಮಲಬಾರ್ ಕುಟುಂಬಗಳಲ್ಲಿ ಮಾಮೋದೀಸ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಕೊಂಕಣಿ ಕೆಥೊಲಿಕರಲ್ಲಿ ಪಿಂಟೊ, ಲೋಬೊ, ಡಿಸೋಜ ಮೊದಲಾದ ಕುಲನಾಮಗಳು ಪೋರ್ಚುಗೀಸ್ ಕಾಲದ ದೀಕ್ಷಾಸ್ನಾನದ ಗುರುತುಗಳಾದರೆ, ಪ್ರಭು, ಕಾಮತ್, ಪೈ ಎಂಬ ಮನೆತನದ ಹೆಸರುಗಳು ಅದರ ಹಿಂದಣ ನೆನಪುಗಳು. ಬಾಸೆಲ್ ಮಿಶನ್ ಪರಂಪರೆಯಲ್ಲಿ ಕರ್ಕಡ, ಅಮ್ಮನ್ನ ಮೊದಲಾದ ತುಳುನಾಡಿನ ಹೆಸರುಗಳು ದೀಕ್ಷಾಸ್ನಾನದ ಆಚೆಗೂ ಉಳಿದುಕೊಂಡವು. ಹಳೆಯದನ್ನು ಎಷ್ಟು ತೊಳೆಯಬೇಕು ಎಂಬ ಪ್ರಶ್ನೆಗೆ ಎರಡು ಕಾಲಗಳು, ಎರಡು ಮಿಶನ್ನುಗಳು ಕೊಟ್ಟ ಉತ್ತರಗಳಿವು.

ದಾಖಲೆ ಪುಸ್ತಕ

ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಆಡಳಿತದ ಕಡತವೆಂದು ಬದಿಗೆ ಸರಿಸುವುದು ಸುಲಭ. ವಾಸ್ತವವಾಗಿ ಸಭಾಪಾಲನೆಯ ಇಡೀ ರಚನೆ ನಿಂತಿರುವುದು ಇದರ ಮೇಲೆ. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ಹೆತ್ತವರು, ಜ್ಞಾನತಂದೆತಾಯಿಯರು, ಸಂಸ್ಕಾರ ನೀಡಿದವರು, ದಿನಾಂಕ ಇವು ಮೊದಲ ನಮೂದು. ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಆ ವ್ಯಕ್ತಿ ಪಡೆದ ದೃಢೀಕರಣ, ಮದುವೆ, ಗುರುಪಟ್ಟ, ಸಂನ್ಯಾಸವ್ರತ ಎಲ್ಲವನ್ನೂ ಅದೇ ನಮೂದಿನ ಪಕ್ಕದಲ್ಲಿ ಬರೆಯಬೇಕೆಂಬುದು ಸಂಹಿತೆಯ ನಿಯಮ. ಮಡಂತ್ಯಾರಿನಲ್ಲಿ ದೀಕ್ಷಾಸ್ನಾನ ಪಡೆದವನು ಮುಂಬಯಿಯಲ್ಲಿ ಮದುವೆಯಾಗಬೇಕಾದರೂ ಮಡಂತ್ಯಾರಿನಿಂದ ಹೊಸದಾಗಿ ಪ್ರಮಾಣಪತ್ರ ತರಿಸಿಕೊಳ್ಳಬೇಕು. ಮದುವೆಯಾದ ಸುದ್ದಿ ಮರಳಿ ಮಡಂತ್ಯಾರಿನ ಪುಸ್ತಕದ ಅಂಚಿಗೆ ಬರಬೇಕು. ಮನುಷ್ಯ ಎಲ್ಲಿಗೆ ಹೋದರೂ ಅವನ ಪುಟ ಊರಿನಲ್ಲಿಯೇ ಇರುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವ ಈ ಸೀಮೆಯಲ್ಲಿ ಕೆಲವರ ಪುಟ ತಂದೆಯ ಇಗರ್ಜಿಯಲ್ಲಿರದೆ ತಾಯಿಯ ತವರಿನ ಇಗರ್ಜಿಯಲ್ಲಿರುವುದೂ ಉಂಟು.

ಈ ಪುಸ್ತಕಕ್ಕೆ ಅಧಿಕಾರದ ಮುಖವೂ ಇದೆ. ಸರ್ಕಾರದ ಜನನ ನೋಂದಣಿ ಇಷ್ಟು ವ್ಯಾಪಕವಾಗುವ ಮುಂಚೆ ವಯಸ್ಸನ್ನು ಸಾಬೀತುಪಡಿಸಲು ದೀಕ್ಷಾಸ್ನಾನದ ಪತ್ರವೇ ಆಧಾರವಾಗುತ್ತಿತ್ತು. ಪತ್ರ ಕೊಡುವವರು ಗುರುಗಳಾದ್ದರಿಂದ, ಅದನ್ನು ಕೇಳಲು ಬಂದವನ ಬಾಕಿಗಳೆಲ್ಲ ಆಗ ನೆನಪಿಗೆ ಬರುವ ಅಪಾಯವಿದ್ದೇ ಇದೆ. ವ್ಯಕ್ತಿಯ ಸ್ಥಾನಮಾನಕ್ಕೆ ಸಂಬಂಧಿಸಿದ ದಾಖಲೆಯ ಅಧಿಕೃತ ಪ್ರತಿಯನ್ನು ಪಡೆಯುವುದು ಸಂಬಂಧಪಟ್ಟವರ ಹಕ್ಕೆಂದು 1983ರ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಹಕ್ಕನ್ನು ಉಪಕಾರವಾಗಿ ಕೊಡುವಲ್ಲಿ ಪಾಲನೆಯು ಆಳ್ವಿಕೆಯಾಗುತ್ತದೆ.

ಎರಡು ವಿಧಿಗಳ ನಡುವಣ ಮಗು

ಬೆಳ್ತಂಗಡಿಯಲ್ಲಿ ಈ ಪುಸ್ತಕದ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಒಂದೇ ಪೇಟೆಯಲ್ಲಿ ಲ್ಯಾಟಿನ್ ಇಗರ್ಜಿಯೂ ಸೀರೋ-ಮಲಬಾರ್ ಪ್ರಧಾನಾಲಯವೂ ಇವೆ. ಎರಡೂ ರೋಮಿನ ಜಗದ್ಗುರುವಿನೊಂದಿಗೆ ಐಕ್ಯದಲ್ಲಿರುವ ಕೆಥೊಲಿಕ ಸಭೆಗಳೇ; ವಿಧಿ ಮತ್ತು ಸಂಹಿತೆ ಮಾತ್ರ ಬೇರೆ. 1991ರಲ್ಲಿ ಜಾರಿಗೆ ಬಂದ ಪೂರ್ವದೇಶೀಯ ಸಭೆಗಳ ಸಂಹಿತೆಯಂತೆ ದೀಕ್ಷಾಸ್ನಾನದ ಜೊತೆಯಲ್ಲಿಯೇ ತೈಲಲೇಪನವನ್ನೂ ಗುರುವೇ ನೀಡುತ್ತಾರೆ. ಲ್ಯಾಟಿನ್ ಪದ್ಧತಿಯಲ್ಲಿ ಅದಕ್ಕೆ ಸಂವಾದಿಯಾದ ದೃಢೀಕರಣವು ಮಗು ಬೆಳೆದು ಧರ್ಮೋಪದೇಶ ಕಲಿತ ಮೇಲೆ, ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಕೈಯಿಂದ. ಒಂದೇ ತರಗತಿಯಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಅದು ತೊಟ್ಟಿಲಲ್ಲೇ ಆಗಿರುತ್ತದೆ, ಇನ್ನೊಬ್ಬ ಅದಕ್ಕಾಗಿ ಪಾಠ ಓದುತ್ತಿರುತ್ತಾನೆ.

ಕೊಂಕಣಿ ತಾಯಿ, ಮಲಯಾಳಿ ತಂದೆಯ ಮಗು ಯಾವ ಸಭೆಗೆ ಸೇರುತ್ತದೆ? ಯಾವ ಇಗರ್ಜಿಯಲ್ಲಿ ನೀರೆರೆಯಲಾಯಿತು ಎಂಬುದು ಇದನ್ನು ನಿರ್ಧರಿಸುವುದಿಲ್ಲ. ಸಾಮಾನ್ಯ ನಿಯಮದಂತೆ ಮಗು ತಂದೆಯ ಸಭೆಗೆ ಸೇರುತ್ತದೆ. ಹೆತ್ತವರಿಬ್ಬರೂ ಒಪ್ಪಿ ಕೇಳಿಕೊಂಡರೆ ತಾಯಿಯ ಸಭೆಗೆ. ಮನೆಯ ಹತ್ತಿರದ ಇಗರ್ಜಿಯಲ್ಲಿ ದೀಕ್ಷಾಸ್ನಾನ ಮುಗಿಸಿಕೊಂಡ ಎಷ್ಟೋ ದಂಪತಿಗಳಿಗೆ ಇದರ ಅರಿವಿರುವುದಿಲ್ಲ. ಇಪ್ಪತ್ತೈದು ವರ್ಷಗಳ ಬಳಿಕ ಮದುವೆಯ ಹೊತ್ತಿಗೆ, ವಿವಾಹವನ್ನು ನಡೆಸಿಕೊಡುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಯಾಗಿ ಅದು ಎದ್ದು ನಿಲ್ಲುತ್ತದೆ. 2016ರಲ್ಲಿ ಎರಡು ಸಂಹಿತೆಗಳನ್ನು ಹೊಂದಾಣಿಕೆ ಮಾಡಿ ಫ್ರಾನ್ಸಿಸ್ ಜಗದ್ಗುರುಗಳು ಹೊರಡಿಸಿದ ಆದೇಶವು ಮಗು ಯಾವ ಸಭೆಗೆ ಸೇರಿದ್ದೆಂಬುದನ್ನೂ ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆಯಬೇಕೆಂದು ವಿಧಿಸಿತು. ಅಳಿಯಸಂತಾನದ ನೆನಪು ಇನ್ನೂ ಮಾಸದ ನೆಲದಲ್ಲಿ, ಮಗು ತಂದೆಯ ಕಡೆಯದು ಎಂಬ ನಿಯಮ ರೋಮಿನಿಂದ ಬಂದು ಪುಸ್ತಕದ ಒಂದು ಅಂಕಣವಾಗಿರುವುದು ಕುತೂಹಲಕರವಾಗಿದೆ.

ದೀಕ್ಷೆಯ ಬೆಲೆ

ವಯಸ್ಕರ ದೀಕ್ಷಾಸ್ನಾನದಲ್ಲಿ ದೀಕ್ಷೆ ಎಂಬ ಪದ ಪೂರ್ಣಾರ್ಥವನ್ನು ಪಡೆಯುತ್ತದೆ, ಬೆಲೆಯನ್ನೂ ಕೇಳುತ್ತದೆ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೆಸರಿನೊಡನೆ ದೀಕ್ಷಾಸ್ನಾನ ಪಡೆದ ಪ್ರಸಂಗ ಪ್ರಸಿದ್ಧ. ತುಳುನಾಡಿನಲ್ಲಿ ಬಾಸೆಲ್ ಮಿಶನ್ನಿಗೆ ಬಂದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ದೀಕ್ಷಾಸ್ನಾನ ಪಡೆದವನಿಗೆ ಕುಟುಂಬ, ಕಸುಬು, ಗೇಣಿಯ ನೆಲ ಎಲ್ಲವೂ ಒಂದೇ ದಿನದಲ್ಲಿ ತಪ್ಪಿಹೋಗಬಹುದಾಗಿತ್ತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗಬಾರದೆಂದು 1850ರ ಕಾಯಿದೆ ಹೇಳಿದರೂ, ಕೂಡುಕುಟುಂಬದ ಅಂಗಳದಲ್ಲಿ ಕಾಯಿದೆಗಿಂತ ಯಜಮಾನನ ಮಾತು ದೊಡ್ಡದು. ಹಾಗಾಗಿ ಮಿಶನ್ನಿನ ನೇಯ್ಗೆಶಾಲೆ ಮತ್ತು 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಗಳನ್ನು ಉದ್ಯಮದ ಇತಿಹಾಸವಾಗಿ ಮಾತ್ರ ನೋಡುವುದು ಸಾಲದು. ಅವು ದೀಕ್ಷಾಸ್ನಾನದ ಪರಿಣಾಮಗಳನ್ನು ಹೊರಲು ಸಭೆ ಕಟ್ಟಿಕೊಂಡ ಪಾಲನೆಯ ವ್ಯವಸ್ಥೆಗಳೂ ಹೌದು. ದುಡಿಮೆಯ ಯಜಮಾನನೂ ಆತ್ಮದ ಪಾಲಕನೂ ಒಂದೇ ಸಂಸ್ಥೆಯಾದಾಗ ಉಂಟಾಗುವ ಬಿಗಿತವೂ ಅದರ ಜೊತೆಗೇ ಬಂತು.

ಸ್ವಾತಂತ್ರ್ಯಾನಂತರ ಈ ಬೆಲೆ ಬೇರೆ ರೂಪ ತಾಳಿತು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನವು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಪರಿಶಿಷ್ಟ ಪಂಗಡಗಳಿಗೆ ಇಂಥ ಮತದ ನಿರ್ಬಂಧವಿಲ್ಲ. ಆದ್ದರಿಂದ ಪಂಗಡದ ಪಟ್ಟಿಯಲ್ಲಿರುವ ಕೊರಗ ಕುಟುಂಬಕ್ಕೆ ದೀಕ್ಷಾಸ್ನಾನದಿಂದ ಆಗದ ಕಾನೂನಿನ ನಷ್ಟ, ನೆರೆಮನೆಯ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಆಗುತ್ತದೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶೈಶವದಲ್ಲಿ ದೀಕ್ಷಾಸ್ನಾನ ಪಡೆದ ಮಹಿಳೆಯೊಬ್ಬರ ಪರಿಶಿಷ್ಟ ಜಾತಿಯ ಕೋರಿಕೆಯನ್ನು ತಳ್ಳಿಹಾಕಿತು. ಶಿಶುವಾಗಿದ್ದಾಗ ಇತರರು ಬರೆಸಿದ ನಮೂದು ದಶಕಗಳ ಬಳಿಕ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಮಾತನಾಡಿತು. ಕರ್ನಾಟಕದಲ್ಲಿ 2022ರ ಕಾಯಿದೆಯು ಮತಾಂತರ ಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂತೆಗೆಯಲು ನಿರ್ಧರಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗಿನಿಂದ ವಯಸ್ಕರ ದೀಕ್ಷಾಸ್ನಾನದ ಮಾತೆತ್ತಿದರೆ ದೇವಶಾಸ್ತ್ರಕ್ಕಿಂತ ಮೊದಲು ಪೊಲೀಸ್ ಠಾಣೆ ನೆನಪಾಗುವ ಸ್ಥಿತಿಯಿದೆ. ದೀಕ್ಷಾರ್ಥಿಯನ್ನು ದೀರ್ಘಕಾಲ ಪರೀಕ್ಷಿಸಿ, ಸಮುದಾಯದ ನಡುವೆ ಹಂತಹಂತವಾಗಿ ಸಿದ್ಧಪಡಿಸುವ ಪ್ರಾಚೀನ ಕ್ರಮವನ್ನು ರೋಮ್ 1972ರಲ್ಲಿ ಪುನಃಸ್ಥಾಪಿಸಿದ್ದು ಬೇರೆ ಕಾರಣಕ್ಕಾಗಿ. ಇಲ್ಲಿ ಆ ನಿಧಾನವು ದೀಕ್ಷಾರ್ಥಿಯ ಸ್ವಂತ ನಿರ್ಧಾರವನ್ನು ಅವನಿಗೂ ಇತರರಿಗೂ ಖಚಿತಪಡಿಸುವ ಉಪಾಯವೂ ಆಗಬಲ್ಲುದು.

ಶಿಶುವಾಗಿದ್ದಾಗ ಪಡೆದದ್ದು ದೀಕ್ಷೆಯೇ ಅಲ್ಲವೆಂದು ಹೇಳಿ, ಬೆಳೆದವರನ್ನು ಹೊಳೆಯಲ್ಲಿ ಮುಳುಗಿಸಿ ಮತ್ತೆ ದೀಕ್ಷಾಸ್ನಾನ ಕೊಡುವ ಪೆಂಟೆಕೊಸ್ತ್ ಸಭೆಗಳ ಕ್ರಮವೂ ಈ ಚರ್ಚೆಗೆ ಸೇರಬೇಕು. 1982ರಲ್ಲಿ ಲಿಮಾದಲ್ಲಿ ರೂಪುಗೊಂಡ ದಾಖಲೆಯು ಮರುದೀಕ್ಷಾಸ್ನಾನವೆಂದು ತೋರಬಹುದಾದ ಯಾವುದನ್ನೂ ಮಾಡಬಾರದೆಂದಿತು. ಹಾಗೆ ಹೊರಟುಹೋದವರ ಹೆಸರು ಮೂಲ ಇಗರ್ಜಿಯ ಪುಸ್ತಕದಿಂದ ಅಳಿಯುವುದಿಲ್ಲ, ಅಳಿಸಲು ನಿಯಮದಲ್ಲಿ ಅವಕಾಶವೂ ಇಲ್ಲ. ಹೊಳೆಯಿಂದ ಎದ್ದು ಬಂದವನ ಮಟ್ಟಿಗೆ ತೊಟ್ಟಿಲಿನ ನೀರು ಲೆಕ್ಕಕ್ಕಿಲ್ಲ. ಆ ಪುಟವನ್ನು ಕಾಯುವ ಗುರುವಿನ ಮಟ್ಟಿಗೆ ಅವನು ಈಗಲೂ ತನಗೆ ಒಪ್ಪಿಸಲ್ಪಟ್ಟವನೇ.